ಅರ್ಧ ಪಾಲಿನ ಪೆಕಾನ್

ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೂ ವರ್ನೆಲ್ ಒಂದೇ ಮಾತಿಗೆ ಅಂಟಿಕೊಂಡಿದ್ದಳು: ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಚರ್ಚಿನ ಊಟಕ್ಕೆ ಅಕ್ರೋಟಿನಂಥ ಪೆಕಾನ್ ಕಾಯಿಯ ಸಿಹಿ ಪೈ ತನ್ನದೇ, ಕಾಯಿಯೂ ತಾನೇ ಆಯ್ದದ್ದಾಗಿರಬೇಕು. ಮೂವತ್ತೊಂದು ವರ್ಷ ಹಾಗೇ ನಡೆದಿತ್ತು. ಈ ಸಲ ಅಂಗಡಿಯಿಂದ ತರಿಸೋಣ, ನೀವು ಸುಧಾರಿಸಿಕೊಳ್ಳಿ ಎಂದು ಪಾದ್ರಿಯ ಹೆಂಡತಿ ಮೆಲ್ಲಗೆ ಹೇಳಿದಾಗ, ಎಷ್ಟು ಜನ ಬರುತ್ತಾರೆ ಎಂದಷ್ಟೇ ಕೇಳಿದಳಂತೆ. ಒಂದು ಬಕೆಟ್ ಕಾಯಿ ಬೇಕಿತ್ತು.

ನಮ್ಮಿಬ್ಬರ ಹಿತ್ತಲುಗಳ ನಡುವೆ ಇರುವುದು ಒಂದು ತಂತಿಬೇಲಿ. ಹೋದ ವರ್ಷ ಕೊಂಬೆ ಮುರಿಯುವಷ್ಟು ಕಾಯಿ ಬಿಟ್ಟಿದ್ದ ಅವಳ ಮರ ಈ ವರ್ಷ ದಣಿದು ಸುಮ್ಮನಿತ್ತು. ಉದುರಿದ ಅಷ್ಟಿಷ್ಟನ್ನೂ ಕಾಗೆಗಳು ಒಯ್ಯುತ್ತಿದ್ದವು. ಆದರೂ ನವೆಂಬರಿನ ಇಬ್ಬನಿಯಲ್ಲಿ ಅವಳು ದಿನವೂ ಎಡಗೈಯಲ್ಲಿ ಕೋಲು ಹಿಡಿದು, ಅದರ ತುದಿಯ ತಂತಿಸುರುಳಿಯನ್ನು ತರಗೆಲೆಗಳ ಮೇಲೆ ಉರುಳಿಸುತ್ತಿದ್ದಳು. ಸುರುಳಿಯೊಳಗೆ ಸಿಕ್ಕ ಕಾಯಿಯನ್ನು ಬಕೆಟ್ಟಿಗೆ ಕೊಡವಲು ಒಮ್ಮೊಮ್ಮೆ ಐದು ನಿಮಿಷ ಹಿಡಿಯುತ್ತಿತ್ತು. ಅಂಚೆಯವನು ಕಾಗದ ಕೊಡಲು ಹಿತ್ತಲಿಗೇ ಬಂದು, ಬೂಟಿಗೆ ತಗುಲಿದ ಕಾಯಿಯನ್ನು ಅವಳ ದಾರಿಗೆ ಮೆಲ್ಲಗೆ ತಳ್ಳಿ ಹೋಗುತ್ತಿದ್ದ.

ಎರಡು ವಾರವಾದರೂ ಬಕೆಟ್ಟಿನ ಕಾಲುಭಾಗವೂ ತುಂಬಿರಲಿಲ್ಲ. ಉಳಿದದ್ದು ಎಂಟು ದಿನ.

ನನ್ನ ಮರ ಚೆನ್ನಾಗಿ ಬಿಟ್ಟಿತ್ತು. ನನ್ನ ಕಾಯಿ ಉದ್ದ, ಅವಳದು ಗುಂಡು. ಗಿಡ್ಡಗಿದ್ದವನ್ನೇ ಆರಿಸಿ, ಅವಳು ಏಳುವ ಮುಂಚೆ ಬೇಲಿಯಾಚೆ ಎರಚಿದೆ. ಮೂರು ಬೆಳಿಗ್ಗೆ ಹೀಗೆ ಮಾಡಿದೆ.

ಮೂರನೆಯ ದಿನ ಮಧ್ಯಾಹ್ನ ವರ್ನೆಲ್ ಬಕೆಟ್ ಎಳೆದುಕೊಂಡು ನನ್ನ ಮೆಟ್ಟಿಲ ಹತ್ತಿರ ಬಂದಳು. ಎಡ ಅಂಗೈಯಲ್ಲಿ ಎರಡು ಕಾಯಿ ಇಟ್ಟು ಒಟ್ಟಿಗೆ ಹಿಸುಕಿದಳು. ಪಟ್ಟನೆ ಒಡೆದವು.

"ನಿನ್ನೇನೂ ಹಿಂಗೇ ಒಡೀತು. ಈ ಒಂದು ಕೈಗೇ ಎರಡರ ಬಲ ಬಂತು ಅಂದ್ಕೊಂಡೆ ಕಣೆ. ಮಗಳಿಗೆ ಫೋನೂ ಮಾಡ್ದೆ. ಆಮೇಲೆ ನೋಡಿದ್ರೆ, ಸಿಪ್ಪೆ ಕಾಗದದ ಹಂಗಿದೆ. ನನ್ನ ಮರದ್ದು ಸುತ್ತಿಗೆ ಇಲ್ದೆ ಯಾವತ್ತಾದ್ರೂ ಒಡ್ದಿದ್ಯಾ, ಮೇಷ್ಟ್ರಮ್ಮ?"

ತಪ್ಪಾಯಿತು ಎಂದೆ. ಕುರ್ಚಿ ಕೊಟ್ಟೆ.

"ಗಿಡ್ಡಗಿರೋದನ್ನೇ ಬೇರೆ ಆರಿಸಿದೀಯ. ಕಾಲೇಜಲ್ಲಿ ಕಲ್ತಿದ್ದು ಇದೇನಾ?" ಎನ್ನುತ್ತಲೇ ಕುಳಿತು, ಬಕೆಟ್ಟನ್ನು ನೆಲಕ್ಕೆ ಸುರಿದಳು. ತನ್ನ ಕಾಯಿ ಬೇರೆ, ನನ್ನವು ಬೇರೆ ಮಾಡಲು ಒಂದು ಗಂಟೆ ಹಿಡಿಯಿತು. ನನಗೆ ಮುಟ್ಟಲು ಬಿಡಲಿಲ್ಲ. ಅವಳದು ಎರಡು ಬೊಗಸೆಗಿಂತ ಹೆಚ್ಚಿರಲಿಲ್ಲ, ಉಳಿದದ್ದೆಲ್ಲ ನನ್ನ ಮರದ್ದು.

"ಕಾಯಿ ನಿಂದು. ಆಯ್ದಿದ್ದು ನಾನು. ಅರ್ಧ ನಂದು," ಎಂದಳು ಕೊನೆಗೆ.

ಜಾರ್ಜಿಯಾದ ನಮ್ಮ ಕಡೆ ಇನ್ನೊಬ್ಬರ ಮರದಡಿ ಆಯ್ದವರಿಗೆ ಅರ್ಧ ಪಾಲು. ಅದನ್ನು ಯಾರೂ ದಾನವೆನ್ನುವುದಿಲ್ಲ. ಅದು ದುಡಿದವರ ಹಕ್ಕು.

ಅರ್ಧ ಸಿಕ್ಕರೂ ಸಾಲದು, ನಾಳೆಯಿಂದ ನಿನ್ನ ಹಿತ್ತಲಲ್ಲೇ ಆಯುತ್ತೇನೆ ಎಂದಳು. ನಾನು ಬಗ್ಗಕೂಡದು, ಎರಚಕೂಡದು, ಬೇಕಾದರೆ ಕಾಗೆ ಓಡಿಸಬಹುದು. ನಾಲ್ಕು ದಿನ ಕಾಗೆ ಓಡಿಸಿದೆ.

ಹಬ್ಬಕ್ಕೆ ಎರಡು ದಿನ ಮುಂಚೆ, ಮಂಗಳವಾರ ಸಂಜೆ, ನನ್ನ ಮರದಡಿ ಎರಡು ರಾಶಿ ಮಾಡಿ, ನಿನ್ನದು ಯಾವುದು, ಆರಿಸಿಕೋ ಎಂದಳು. ಚಿಕ್ಕದೆನಿಸಿದ್ದನ್ನು ತೋರಿಸಿದೆ. ಅವಳು ದೊಡ್ಡದರಿಂದ ಒಂದು ಹಿಡಿ ತೆಗೆದು ಚಿಕ್ಕದಕ್ಕೆ ಹಾಕಿದಳು.

"ಈಗ ಆರಿಸು."

ನನ್ನ ಪಾಲು ಚೀಲಕ್ಕೆ ಬಿದ್ದ ಮೇಲೆಯೇ ತನ್ನದನ್ನು ಬಕೆಟ್ಟಿಗೆ ತುಂಬಿದಳು. ಅಂಚಿನವರೆಗೆ ಬಂತು.