ಹಲಸಿನ ಮರದ ಬೇಸ್

ಪಣಕಹಳ್ಳಿಯ ದೇವರಾಜು ರಾಗಿ, ಜೋಳ ಬೆಳೆಯುತ್ತಿದ್ದ. ಲಗ್ನದ ಕಾಲ ಬಂತೆಂದರೆ ಚಾಮರಾಜನಗರದ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸಲು ಹೋಗುತ್ತಿದ್ದ. ಜನಕ್ಕೆ ಹಾಡುವವರು ಕಾಣುತ್ತಾರೆ, ಡ್ರಮ್ಸ್ ಬಡಿಯುವವನು ಕಾಣುತ್ತಾನೆ, ಬೇಸಿನವನತ್ತ ಯಾರೂ ತಿರುಗಿ ನೋಡುವುದಿಲ್ಲ. ನೋಡುತ್ತಿದ್ದವನು ಜಡೇಸ್ವಾಮಿ ಒಬ್ಬನೇ. ಒಂದನೇ ಕ್ಲಾಸಿನಿಂದ ಜೊತೆಗಾರ. ಈಗ ತಾಳವಾಡಿಯಲ್ಲಿ ಬಾಗಿಲು, ಕಿಟಕಿ ಮಾಡಿಕೊಂಡಿದ್ದ.

2006ರಲ್ಲಿ ಆರ್ಕೆಸ್ಟ್ರಾದ ಯಜಮಾನ ಹರ್ಷವರ್ಧನ ಹೊರದೇಶದ್ದೊಂದು ಬೇಸ್ ತರಿಸಿ ದೇವರಾಜುವಿನ ಕೈಗೆ ಕೊಟ್ಟ. ಸೆಮಿ ಅಕೂಸ್ಟಿಕ್, ಫ್ರೆಟ್‌ಲೆಸ್. ಒಡಲು ವೀಣೆಯ ಹಾಗೆ ಪೊಳ್ಳು. ಕರೆಂಟು ಹೋದರೂ ಒಂದು ಕೋಣೆಗೆ ಕೇಳಿಸುವಷ್ಟು ದನಿ ಬರುತ್ತಿತ್ತು. ಕುತ್ತಿಗೆಯ ಮೇಲೆ ಅಡ್ಡ ಕಂಬಿಗಳೇ ಇಲ್ಲ. ಬೆರಳು ಜಾರಿದ ಹಾಗೆ ಸ್ವರವೂ ಜಾರಿ, ಮನುಷ್ಯ ನರಳಿದಂತೆ ಕೇಳಿಸುತ್ತಿತ್ತು. ಜಡೇಸ್ವಾಮಿ ಅದನ್ನು ತಿರುಗಿಸಿ, ತಟ್ಟಿ, ಅದರ ಬಾಯಿಗೆ ಮೂಗಿಟ್ಟು ಮೂಸಿ ನೋಡಿದ.

"ಇದ್ರ ಒಟ್ಟೆ ಒಳಗೆ ಏನೂ ಇಲ್ಲ ಕಣ್ಲಾ. ಪೂರಾ ಮರದ ಕೆಲ್ಸ. ನಿಂಗೊಂದು ನಾನೇ ಮಾಡ್ಕೊಡ್ತೀನಿ ಬುಡು."

ಮಾಡಲು ಒಂದು ವರ್ಷ ಹಿಡಿಯಿತು. ಜೀರಹಳ್ಳಿಯಲ್ಲಿ ಗಾಳಿಗೆ ಬಿದ್ದ ಹಲಸಿನ ಮರದ ಒಂದು ತುಂಡು ತಂದು ಒಣಗಿಸಿದ. ಬೆರಳು ಓಡಾಡುವ ಪಟ್ಟಿಗೆ ಬೀಟೆಯೇ ಬೇಕಿತ್ತು. ಹೆಂಡತಿ ಪ್ರೇಮಳ ತವರಿಂದ ಬಂದ ಬೀಟೆ ಮಂಚ ಮನೆಯಲ್ಲಿತ್ತು. ಅದರ ಮೇಲೆ ಗಂಡನ ಕಣ್ಣು ನಿಂತದ್ದನ್ನು ಕಂಡು ಅವಳೇ, "ಬಿಚ್ಕಳಿ. ಚಾಪೆ ಇಲ್ವಾ ನಮ್ಗೆ?" ಅಂದಳು.

ಮೆರುಗು ಹಚ್ಚಿ ಮುಗಿಸಿದ ವಾರವೇ ಜಡೇಸ್ವಾಮಿ ರಕ್ತ ಕಾರಿದ. ಮೈಸೂರಿನ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳಿಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಷ್ಟರಲ್ಲಿ ದೇವರಾಜು ಹಲಸಿನ ಬೇಸನ್ನು ತನ್ನ ಮನೆಗೆ ಒಯ್ದು, ತಂತಿ ಕಟ್ಟಿ ದಿನವೂ ನುಡಿಸಿ ನೋಡಿದ್ದ. ಹೊರದೇಶದ್ದು ಎಲ್ಲಿ ಒತ್ತಿದರೂ ಒಂದೇ ಸಮ, ಉದ್ದಕ್ಕೆ ನಿಲ್ಲುವ ನಾದ. ಹಲಸಿನದ್ದು ಕೊಂಚ ಒರಟು. ದಪ್ಪ ತಂತಿ ಮೀಟಿದರೆ ಎದೆಗೂಡು ಗುಂಯ್ ಎನ್ನುತ್ತಿತ್ತು, ಅಲ್ಲಿ ಅದೇ ಮೇಲು. ಆದರೆ ಮೂರನೇ ತಂತಿಯಲ್ಲಿ ಒಂದು ಸ್ವರ ಮಾತ್ರ ಹುಟ್ಟುತ್ತಲೇ ಸಾಯುತ್ತಿತ್ತು. ಏನು ಮಾಡಿದರೂ ಸರಿಹೋಗಲಿಲ್ಲ.

ಜಡೇಸ್ವಾಮಿ ಮನೆಗೆ ಬಂದ ಮೂರನೇ ದಿನ ಮಧ್ಯಾಹ್ನ ದೇವರಾಜು ಎರಡು ಬೇಸನ್ನೂ ಬೈಕಿಗೆ ಕಟ್ಟಿಕೊಂಡು ಹೋದ. ತಂತಿ ಕಟ್ಟಿದ ಮೇಲೆ ಜಡೇಸ್ವಾಮಿ ತಾನು ಮಾಡಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಕರೆಂಟು ಇರಲಿಲ್ಲ. ಚಾಪೆಯ ಮೇಲೆ ಅವನು ಒಂದು ಹಿಡಿಯಾಗಿದ್ದ.

"ನಾನು ಗ್ವಾಡೆ ಕಡೆ ತಿರೀಕತೀನಿ. ಯಾವ್ದನ್ನಾದ್ರೂ ಮೊದ್ಲು ನುಡ್ಸು, ಯಾವ್ದು ಅಂತ ಯೋಳ್ಬ್ಯಾಡ. ಕಣ್ಣು ನೋಡ್ಬುಟ್ರೆ ಕಿವಿ ಸುಳ್ಳು ಯೋಳ್ತದೆ."

ದೇವರಾಜು ಹೊರದೇಶದ್ದನ್ನೇ ಮೊದಲು ಎತ್ತಿಕೊಂಡ. ಗೆಳೆಯ ಮಾಡಿದ್ದನ್ನು ಕೊನೆಗೆ ಇಟ್ಟುಕೊಳ್ಳೋಣ ಎಂಬುದಷ್ಟೇ ಅವನ ಮನಸ್ಸಿನಲ್ಲಿ ಇದ್ದದ್ದು. ಕೆಳಗಿನ ಸ್ವರದಿಂದ ಮೇಲಕ್ಕೆ ನಿಧಾನ ಬೆರಳು ಜಾರಿಸಿದ. ಎರಡು ಸಲ ಜಾರಿಸಿದ್ದನೋ ಇಲ್ಲವೋ, ಜಡೇಸ್ವಾಮಿಯ ಭುಜ ಅಲುಗತೊಡಗಿತು.

"ಇದೇ ನಂದು," ಅಂದ ಗೋಡೆಗೆ. "ಅಲ್ವೇನ್ಲಾ?"

ಬಾಗಿಲಲ್ಲಿ ಪ್ರೇಮ ಗಂಜಿ ಬಟ್ಟಲು ಹಿಡಿದು ನಿಂತಿದ್ದಳು. ದೇವರಾಜುವಿನ ತೊಡೆಯ ಮೇಲೆ ಯಾವುದಿದೆಯೆಂದು ಅವಳಿಗೆ ಕಾಣುತ್ತಿತ್ತು. ದೇವರಾಜು ಅವಳ ಮುಖ ನೋಡಲಿಲ್ಲ.

"ಊ ಕಣ್ಲಾ. ನಿಂದೇ."

"ಇನ್ನೊಂದ ನುಡ್ಸು."

ದೇವರಾಜು ಹಲಸಿನದ್ದನ್ನು ಎತ್ತಿಕೊಂಡ. ಆ ಸಾಯುವ ಸ್ವರವನ್ನು ತಪ್ಪಿಸಿಕೊಂಡೇ ನುಡಿಸಬೇಕೆಂದಿದ್ದ. ಬೆರಳು ಅಭ್ಯಾಸದಂತೆ ಅಲ್ಲಿಗೇ ಹೋಯಿತು. ಜಡೇಸ್ವಾಮಿ ಕೆಮ್ಮುತ್ತಾ ನಕ್ಕ.

"ಒಂದು ಸ್ವರ ಸತ್ತೋಗದೆ ಇದ್ರಲ್ಲಿ. ಫಾರಿನ್ನೋರು ಮಾಡುದ್ರೂ ಇಷ್ಟೇಯಾ. ಇದ್ನ ನಿಮ್ಮ ಯಜಮಾನಂಗೆ ವಾಪಸ್ ಕೊಟ್ಬುಡು."

ಅವನು ಈ ಕಡೆ ತಿರುಗುವಷ್ಟರಲ್ಲಿ ದೇವರಾಜು ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಮಲಗಿಸಿದ. ಜಡೇಸ್ವಾಮಿ ಕೈ ಚಾಚಿ ಹಲಸಿನ ಒಡಲನ್ನು ಸವರಿದ. ಕಣ್ಣು ಒದ್ದೆಯಾಗಿತ್ತು.

"ಇದ್ನ ಇನ್ನೊಂದ್ಸಲ ನುಡ್ಸು. ಈಗ ನೋಡ್ತಾ ಕೇಳ್ತೀನಿ."

ದೇವರಾಜು ಬೇಸನ್ನು ಎತ್ತಿಕೊಳ್ಳಲಿಲ್ಲ. ನುಡಿಸಿದರೆ ಮೊದಲ ಮೀಟಿಗೇ ಗೊತ್ತಾಗಿಬಿಡುತ್ತದೆ.

"ವಸಿ ಮಲೀಕ, ಸುಸ್ತಾಗಿದ್ದೀಯ. ಗುರುವಾರ ಆಂಪ್ಲಿಫೈಯರ್ ತತ್ತೀನಿ, ಅದ್ಕೆ ಆಕಿ ಜೋರಾಗಿ ಕೇಳೂವಂತೆ."

"ಆಯ್ತು," ಅಂದು ಜಡೇಸ್ವಾಮಿ ಕಣ್ಣು ಮುಚ್ಚಿದ. ಕೈ ಇನ್ನೂ ಹಲಸಿನ ಮೇಲೇ ಇತ್ತು.

ಬುಧವಾರ ಬೆಳಿಗ್ಗೆ ಅವನು ತೀರಿಕೊಂಡ.

ತಿಥಿ ಮುಗಿದ ಮೇಲೆ ದೇವರಾಜು ಹಲಸಿನ ಬೇಸನ್ನು ತೆಗೆದುಕೊಂಡು ಪ್ರೇಮಳ ಮನೆಗೆ ಹೋದ. ಅವಳು ಹೊಸ್ತಿಲ ಒಳಗೆ ಕೂತಿದ್ದಳು. ಅವನು ಜಗಲಿಯ ತುದಿಯಲ್ಲಿ ಕೂತ. ಅವಳೇ ಮಾತು ತೆಗೆದಳು.

"ಸುಳ್ಳು ಯಾಕ್ ಯೋಳಿದ್ರಿ ಅಂತ ನಾ ಕೇಳಾಕಿಲ್ಲ ಅಣ್ಣ. ನಾನಾದ್ರೂ ಅದ್ನೇ ಯೋಳ್ತಿದ್ದೆ."

ದೇವರಾಜು ಬೇಸನ್ನು ಅವಳತ್ತ ಸರಿಸಿದ.

"ಇನ್ನೊಂದ್ಸಲ ನುಡ್ಸು ಅಂದ್ರು. ನೀವು ನುಡುಸ್ನಿಲ್ಲ. ತಾನು ಮಾಡಿದ್ದು ಅಂತ ಗೊತ್ತಿದ್ದು ಅದ್ನ ಒಂದ್ಸಲಾನೂ ಕೇಳ್ನಿಲ್ಲ ಅವ್ರು. ಕೇಳಿದ್ದೊಂದ್ಸಲ, ಅದ್ಕೂ ಫಾರಿನ್ನೋರ್ದು ಅಂತ ನಕ್ಬುಟ್ರು."

"ಗೊತ್ತಾಗ್ಬುಡ್ತದೆ ಅಂತ ಎದ್ರುಕೊಂಡೆ ಕಣವ್ವ."

"ಗೊತ್ತಾಗಿದ್ರೆ ಏನಾಗ್ತಿತ್ತು? ಸತ್ತ ಸ್ವರವೂ ಅವ್ರದ್ದೇ ಅಲ್ವಾ? ಯಾಕಂಗಾಯ್ತು ಅಂತ ಯೋಚ್ನೆ ಮಾಡ್ತಾ ಇನ್ನೆರಡು ದಿನ ಇರೋರು."

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ದೇವರಾಜುವಿಗೆ ಎದ್ದು ಹೋಗಲು ಆಗುತ್ತಿತ್ತು. ಅವನು ಅಲ್ಲೇ ಕೂತು, ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಸಮಾಧಾನ ಹೇಳಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅಳು ನಿಂತ ಮೇಲೆ ಬೇಸನ್ನು ಎತ್ತಿಕೊಂಡು ಒಳಗೆ ಹೋದಳು.

ಹರ್ಷವರ್ಧನನಿಗೆ ಅವನ ಬೇಸನ್ನು ದೇವರಾಜು ಮರುದಿನವೇ ಒಪ್ಪಿಸಿದ. ಬೆರಳು ನೋವು ಎಂದು ನೆಪ ಹೇಳಿ, ಕಂಬಿ ಇರುವ ಹಳೆಯ ಗಿಟಾರನ್ನೇ ಮತ್ತೆ ಕೊರಳಿಗೆ ಹಾಕಿಕೊಂಡ. ಲಗ್ನಗಳಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಮೂರು ವರ್ಷದ ಮೇಲೆ ಒಂದು ಸಂತೆ ದಿನ ತಾಳವಾಡಿ ಬಸ್ ಸ್ಟಾಂಡಿನಲ್ಲಿ ಪ್ರೇಮ ಎದುರಾದಳು. ಹೊಲಿಗೆ ಕಲಿತಿದ್ದಾಳಂತೆ, ಗೆಟ್ಟವಾಡಿಯಲ್ಲಿ ಅಕ್ಕನ ಜೊತೆ ಇದ್ದಾಳಂತೆ. ಜೋಳ ಹೇಗೆ ಬಂತು ಎಂದು ಕೇಳಿದಳು. ಆನೆ ತುಳಿದು ಅರ್ಧ ಹೋಯಿತು ಎಂದು ಅವನು ಹೇಳಿದ. ಬೇಸ್ ಎಲ್ಲಿದೆ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಬಸ್ಸು ಬಂತು, "ಬತ್ತೀನಿ ಅಣ್ಣ" ಅಂದು ಅವಳು ಹತ್ತಿಕೊಂಡಳು.