ಕಂಡಕ್ಟರನಿಗೆ ಬೇಕಾದ ‘ನೀನು’

ಮದುವೆಯಾಗಿ ನಾಲ್ಕು ದಿನವಾಗಿತ್ತು. ಐವತ್ಮೂರನೇ ವಯಸ್ಸಿಗೆ ಮದುವೆಯಾದವನ ಸಂಭ್ರಮ ಎಂಥದ್ದು ಅಂತ ಇಪ್ಪತ್ತೈದಕ್ಕೇ ಆಗಿ ಮುಗಿಸಿದವರಿಗೆ ಏನು ಗೊತ್ತು? ಮಧುಚಂದ್ರಕ್ಕೆಂದು ಚಹಾ ತೋಟಗಳ ಊರೊಂದಕ್ಕೆ ಬಂದಿಳಿದಾಗಿನಿಂದ ಕಂಡಕ್ಟರನ ಕಾಲು ನೆಲದ ಮೇಲಿರಲಿಲ್ಲ. ಹಿಂದೆ ಹಸಿರು ಗುಡ್ಡ, ಮುಂದೆ ಹಸಿರು ಗುಡ್ಡ, ಪಕ್ಕದಲ್ಲಿ ಹೆಂಡತಿ. ನೋಡಿದ್ದಕ್ಕೆಲ್ಲ ನಗು ಬರುತ್ತಿತ್ತು ಅವನಿಗೆ.

ಒಂದೇ ಒಂದು ಕೊರತೆ. ಹೆಂಡತಿ ಅವನನ್ನು ಇನ್ನೂ ‘ಕಂಡಕ್ಟ್ರೇ’ ಅನ್ನುತ್ತಿದ್ದಳು. ಬಸ್ ಡಿಪೋದ ಕ್ಯಾಂಟೀನು ಅವಳದು. ಹದಿನಾರು ವರ್ಷ ‘ಬನ್ನಿ ಕಂಡಕ್ಟ್ರೇ, ಕೂತ್ಕೊಳ್ಳಿ ಕಂಡಕ್ಟ್ರೇ’ ಅಂದ ನಾಲಿಗೆ, ರಿಜಿಸ್ಟ್ರಾರ್ ಎದುರು ಸಹಿ ಹಾಕಿದ ಮಾತ್ರಕ್ಕೆ ಬೇರೆ ಹಾದಿ ಹಿಡಿದೀತೇ? ಹೆಸರು ಹಿಡಿದು ಕರೆಯುವುದೇನೂ ಬೇಡ, ಒಂದು ಸಲ ‘ನೀನು’ ಅಂದಿದ್ದರೆ ಸಾಕಿತ್ತು. ಊಹೂಂ. ಬಚ್ಚಲಿನಿಂದ ಟವೆಲ್ ಕೇಳುವಾಗಲೂ ‘ಸ್ವಲ್ಪ ಕೊಡ್ತೀರಾ?’ ಕೊನೆವರೆಗೂ ತಾನು ಗಿರಾಕಿಯೇ ಏನೋ ಅನ್ನುವ ಹೆದರಿಕೆ ಅವನಿಗೆ ನಿಜವಾಗಿಯೂ ಹತ್ತಿತ್ತು. ಬಾಯಿಬಿಟ್ಟು ಕೇಳೋಣವೆಂದರೆ ನಾಚಿಕೆ. ನಾಳೆ ಬೆಳಿಗ್ಗೆ ವಾಪಸು ಹೊರಡಬೇಕು. ಡಿಪೋದವರೆಲ್ಲರ ಎದುರು ಹಳೇ ಮಾತೇ ಗಟ್ಟಿಯಾಗಿಬಿಟ್ಟರೆ ಮುಗಿಯಿತು ಕಥೆ.

ಆ ದಿನ ಮಧ್ಯಾಹ್ನ ಚಹಾ ಕಾರ್ಖಾನೆ ನೋಡಲು ಹೋದರು. ರುಚಿ ನೋಡುವ ಕೋಣೆಯಲ್ಲಿ ಉದ್ದನೆಯ ಮೇಜು, ಮೇಲೆ ಸಾಲಾಗಿ ಹದಿನೆಂಟು ಬಿಳೀ ಬಟ್ಟಲು. ಏಪ್ರನ್ ತೊಟ್ಟ ಒಬ್ಬ ಮುದುಕ, ರುಚಿ ನೋಡುವುದೇ ಅವನ ಕೆಲಸ, ಚಮಚ ಹಿಡಿದು ತೋರಿಸಿದ.

“ಸೊರ್ ಅಂತ ಎಳ್ಕೊಳ್ಳಿ, ಬಾಯಲ್ಲಿ ಆಡಿಸಿ, ಆಮೇಲೆ ಈ ಡಬ್ಬಕ್ಕೆ ಉಗೀರಿ.”

“ಉಗಿಯೋದಾ?” ಹೆಂಡತಿಯ ಹುಬ್ಬು ಮೇಲೇರಿತು. “ಟೀ ಮಾಡಿದವರ ಎದುರಿಗೇನಾ?”

ಕೆಟ್ಟಿತು, ಅಂದುಕೊಂಡ ಕಂಡಕ್ಟರ್. ಹಿಂದೊಮ್ಮೆ ಡ್ರೈವರೊಬ್ಬ ಬಿಸಿ ತಾಳಲಾರದೆ ಟೀ ಉಗಿದದ್ದಕ್ಕೆ ಈಯಮ್ಮ ವಾರವಿಡೀ ಅವನಿಗೆ ಲೋಟ ಕೊಟ್ಟಿರಲಿಲ್ಲ. ಈಗ ಚಮಚವನ್ನು ಪಕ್ಕಕ್ಕಿಟ್ಟು ಮೊದಲನೇ ಬಟ್ಟಲನ್ನೇ ಎತ್ತಿ ಗಟಗಟ ಕುಡಿದಳು. ಎರಡನೆಯದು. ಐದನೆಯದು. ಹಾಲಿಲ್ಲ, ಸಕ್ಕರೆಯಿಲ್ಲ, ನಾಲಿಗೆ ಜಡ್ಡುಗಟ್ಟುವಷ್ಟು ಗಟ್ಟಿ ಡಿಕಾಕ್ಷನ್ನು.

“ಸಾಕು ಮೇಡಮ್, ತಲೆ ತಿರುಗುತ್ತೆ,” ಅಂದ ಕಂಡಕ್ಟರ್.

“ಸುಮ್ನಿರಿ. ಆ ಮೂರನೇದು ಸೊಪ್ಪು ಕುದಿಸಿದ ನೀರು. ಇದು ನೋಡಿ, ಇದು ಟೀ.”

ಮುದುಕ ಬಾಗಿ ಬಟ್ಟಲ ಮುಂದಿದ್ದ ದರ್ಜೆಯ ಚೀಟಿ ನೋಡಿದ. ಅವಳು ಹೇಳಿದ್ದು ಸರಿಯಾಗಿತ್ತು. ಅವನಿಗೂ ಹುರುಪು ಬಂತು, ಮುಂದಿನ ಬಟ್ಟಲುಗಳನ್ನು ಒಂದೊಂದಾಗಿ ತಾನೇ ಅವಳತ್ತ ಸರಿಸಿದ.

ಹದಿನೆಂಟೂ ಖಾಲಿಯಾದ ಮೇಲೆ ಹೊರಗೆ ಬಂದವಳ ಅವತಾರ ನೋಡಬೇಕಿತ್ತು. ಕಣ್ಣು ಇಷ್ಟಗಲ, ಬಾಯಿಗೆ ಬಿಡುವಿಲ್ಲ, ಕಾಲು ನಿಂತಲ್ಲಿ ನಿಲ್ಲದು. ಗಿಡಗಳ ನಡುವಿನ ಕಾಲುದಾರಿಯಲ್ಲಿ ಸೆರಗು ಸಿಕ್ಕಿಸಿಕೊಂಡು ಏರತೊಡಗಿದಳು. ಕಂಡಕ್ಟರ್ ಏದುಸಿರು ಬಿಡುತ್ತ ಹಿಂದೆ ಓಡಿದ, ಓಡುತ್ತಲೇ ನಗುತ್ತಿದ್ದ.

“ನಿಲ್ಲಿ, ಜಾರ್ತೀರಿ! ನಿಧಾನಕ್ಕೆ ಹೋಗಿ ಮೇಡಮ್.”

ಅವಳು ಗಕ್ಕನೆ ನಿಂತು ತಿರುಗಿದಳು.

“ಯಾರ್ರೀ ಅದು ಮೇಡಮ್ಮು? ನಾಲ್ಕು ದಿನದಿಂದ ನೋಡ್ತಾನೇ ಇದೀನಿ. ಇವತ್ತಾದ್ರೂ ನನ್ನ ‘ನೀನು’ ಅಂತಾರೇನೋ ಅಂತ. ನೀವು ನೋಡಿದ್ರೆ ನಿಲ್ಲಿ, ಹೋಗಿ, ಮುಂದೆ ನಡೀರಿ. ನಾನೇನು ನಿಮ್ಮ ಬಸ್ಸು ಹತ್ತಿದೀನಾ?”

ಅಷ್ಟು ಹೇಳಿದ್ದೇ ತಡ, ಟೀ ಮಾತಾಡಿಸಿಬಿಟ್ಟಿತಲ್ಲ ಅನ್ನುವ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣಲ್ಲಿ ಮಾತ್ರ ನೀರಾಡುತ್ತಿತ್ತು.

ಕಂಡಕ್ಟರ್ ಮನಸ್ಸಿನಲ್ಲೇ ತನ್ನ ಮಾತುಗಳನ್ನು ತಿರುವಿ ನೋಡಿದ. ಬನ್ನಿ, ಕುಡೀರಿ, ಮಲಗಿ. ನಾಲ್ಕು ದಿನ ತಾನು ಆಡಿದ್ದೂ ಇಷ್ಟೇ ಅಲ್ಲವೇ! ಅವಳ ನಾಲಿಗೆಯನ್ನೇ ಕಾಯುತ್ತ ಕೂತ ಮಂಕುದಿಣ್ಣೆಗೆ ತನ್ನದು ಏನು ಹೇಳುತ್ತಿದೆ ಅನ್ನುವುದು ಕಿವಿಗೇ ಬಿದ್ದಿರಲಿಲ್ಲ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೇ ಸಲ ಹೊರಬಿದ್ದದ್ದು, ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಕಂಡಕ್ಟರ್ ದನಿ.

“ಬಾರೇ ಇಲ್ಲಿ!”

ಇಳಿಜಾರಿನಲ್ಲಿ ಎಲೆ ಕೀಳುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿ ನೋಡಿದರು. ಅವಳು ಕಿವಿಯವರೆಗೂ ಕೆಂಪಾದಳು. ಆಮೇಲೆ ಸೆರಗು ಬಿಡಿಸಿಕೊಂಡು, ಗಿಡ ಹಿಡಿದು ಹಿಡಿದು ಇಳಿಯುತ್ತ ಅಂದಳು:

“ಬಂದೆ ಕಣೋ. ಊರಿಗೆಲ್ಲ ಕೇಳ್ಸೋ ಹಾಗೆ ಕಿರಿಚ್ಬೇಡ.”