ಬಚ್ಚಲ ಕಿಂಡಿ

ಮೂರನೇ ಒದೆತಕ್ಕೆ ಬಚ್ಚಲುಮನೆಯ ಚಿಲಕ ಕಿತ್ತು ಬಂತು. ನಲ್ಲಿ ಸುರಿಯುತ್ತಲೇ ಇತ್ತು. ದಿವ್ಯ ಬಕೆಟ್ಟಿನ ಪಕ್ಕ ಮಗುಚಿ ಬಿದ್ದಿದ್ದಳು. ಗೋಡೆಯ ಮೇಲೆ ಗ್ಯಾಸ್ ಗೀಸರ್ ಏನೂ ಆಗಿಲ್ಲವೆಂಬಂತೆ ಗುಂಯ್‌ಗುಡುತ್ತಿತ್ತು.

ರೇವಂತ್ ಹೆಂಡತಿಗೆ ಟವೆಲ್ ಸುತ್ತಿ ಹಾಲಿಗೆ ಎಳೆದು ತಂದ. ಅವನ ತಾಯಿ ಮುನಿತಾಯಮ್ಮ ಬೀರುವಿನ ಬೀಗದ ಕೈ ತಂದು ಸೊಸೆಯ ಅಂಗೈಗೆ ಒತ್ತಿದಳು.

"ಪಿಟ್ಸು ಕಣೋ! ಮುಷ್ಟಿ ಬಿಗಿಯಾಗಿ ಹಿಡಿ!"

"ಪಿಟ್ಸ್ ಎಲ್ಲಮ್ಮ? ಕೈಕಾಲೇ ಆಡ್ತಿಲ್ಲ!"

"ಹಂಗಾರೆ ಈರುಳ್ಳಿ ಮೂಸ್ಸು. ತಾಳು, ಜಜ್ಕೊಂಡು ಬತ್ತೀನಿ."

ರೇವಂತ್ ೧೦೮ಕ್ಕೆ ಫೋನ್ ಮಾಡಿದ. ಆ ಕಡೆಯ ಹೆಂಗಸು ಎರಡು ಪ್ರಶ್ನೆ ಕೇಳಿ, "ಸಾರ್, ಗ್ಯಾಸ್ ಆಫ್ ಮಾಡಿ. ಅವ್ರನ್ನ ಮೊದ್ಲು ಹೊರಗಡೆ ಗಾಳಿಗೆ ತನ್ನಿ," ಎಂದಳು. ಮಲ್ಲತ್ತಹಳ್ಳಿಯ ಆ ಬೀದಿಯ ಜನರೆಲ್ಲ ನೋಡುತ್ತಿರುವಾಗ ದಿವ್ಯ ಗೇಟಿನ ಬಳಿ ಟವೆಲಿನಲ್ಲಿ ಮಲಗಿದ್ದಳು. ಮುನಿತಾಯಮ್ಮ ಜಜ್ಜಿದ ಈರುಳ್ಳಿ ಹಿಡಿದು ಅಲ್ಲೇ ನಿಂತಿದ್ದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. "ಗೀಸರ್ ಗ್ಯಾಸ್ ಸರಿಯಾಗಿ ಉರೀದಿದ್ರೆ ವಿಷ ಆಗುತ್ತೆ. ವಾಸನೆನೂ ಬರಲ್ಲ," ಎಂದ ಡಾಕ್ಟರ್. "ಬಾತ್‌ರೂಮಿಗೆ ಕಿಟಕಿ ಇಲ್ವಾ?"

"ಕಿಂಡಿ ಇದೆ ಸಾರ್. ಯಾವಾಗ್ಲೂ ತೆಗ್ದಿರುತ್ತೆ," ಎಂದ ರೇವಂತ್.

ಮುನಿತಾಯಮ್ಮ ನೆಲ ನೋಡಿದಳು. ಪಕ್ಕದ ಸೈಟಿನಲ್ಲಿ ಮಹಡಿ ಏಳತೊಡಗಿದಾಗ, ಗಾರೆ ಕೆಲಸದವರ ಕಣ್ಣು ಬೀಳಬಾರದೆಂದು ಹಿಂದಿನ ದಿನವಷ್ಟೇ ಕಿಂಡಿಗೆ ಖಾಲಿ ಅಕ್ಕಿಚೀಲ ತುರುಕಿದ್ದವಳು ಅವಳೇ.

ಸಂಜೆ ದಿವ್ಯ ಕಣ್ಣು ಬಿಟ್ಟಳು. ವಾಂತಿ ಮಾಡಿಕೊಂಡಳು. "ಇವತ್ತು ಯಾವ ವಾರ?" ಎಂದು ಕೇಳಿದಳು. ರೇವಂತ್ ಹೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಳು. ಅವನು ಎದ್ದು ವರಾಂಡಕ್ಕೆ ಹೋದ.

ಮನೆಗೆ ಬಂದ ದಿನ ಚೀಲ ಅವನ ಕಣ್ಣಿಗೆ ಬಿತ್ತು. "ಯಾವನು ಇದನ್ನ ತುರುಕಿದ್ದು?"

ಮುನಿತಾಯಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಅತ್ತೇನೇ," ಎಂದಳು ದಿವ್ಯ. ತಲೆನೋವಿಗೆ ಕಣ್ಣು ಮುಚ್ಚಿಕೊಂಡೇ ಇದ್ದಳು. "ನಾನೂ ನೋಡಿ ಸುಮ್ನಿದ್ದೆ. ನಂಗೂ ನಾಚ್ಕೆ ಆಗ್ತಿತ್ತು."

ಗೀಸರ್ ಬಿಚ್ಚಿಸಿದರು. ಸೌದೆ ಒಲೆಯಲ್ಲಿ ಕಾಯಿಸಿದ ನೀರನ್ನು ಮುನಿತಾಯಮ್ಮನೇ ಹೊತ್ತು ತಂದಳು. ಬಾಗಿಲಿಗಿನ್ನೂ ಚಿಲಕವಿರಲಿಲ್ಲ. ಅವಳು ಅದಕ್ಕೆ ಬೆನ್ನು ಕೊಟ್ಟು ಹೊರಗೆ ಕುಳಿತಳು.

"ದಿವ್ಯಾ."

"ಹ್ಞೂಂ."

"ದಿವ್ಯಾ."

ನೀರಿನ ಸದ್ದು ನಿಂತಿತು. ಮುನಿತಾಯಮ್ಮ ದಡಕ್ಕನೆ ಎದ್ದಳು.

"ಸೋಪ್ ಹಚ್ಕೊತಾ ಇದೀನಿ ಅತ್ತೆ."

ಅವಳು ಮತ್ತೆ ಕುಳಿತಳು. ತೆರೆದ ಕಿಂಡಿಯಿಂದ ಗಾರೆಯವರ ಮಾತು ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿತ್ತು.